ಬೈಗುಳದ ನಂಟು

ದಮಾಸಿ ಸತ್ತನೆಂಬ ಸುದ್ದಿ ಬಂದಾಗ ನಾನು ಸಂತೆಯಲ್ಲಿ ಹೊಗೆ ಹಾಕಿದ ಮೀನು ಜೋಡಿಸುತ್ತ ಕೂತಿದ್ದೆ. "ನನ್ನ ಒಂದು ಮಾತು ಕೇಳ್ದೆ ಸತ್ತನೇನೇ ಆ ಕಳ್ಳ?" ಎಂದು ಬೈದೆ. ಸುದ್ದಿ ತಂದವಳು ಕಿಸಕ್ಕನೆ ನಕ್ಕಳು, ಆಮೇಲೆ ಹೊದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬಂತು. ಆದರೆ ನಾನು ಅಳುವ ಹಾಗಿರಲಿಲ್ಲ, ಆ ಸಾವಿನಲ್ಲಿ ನನ್ನ ಕೆಲಸ ಬೇರೆ ಇತ್ತು.

ನಾನು ಪಾರೆ ಬೆಟ್ಟದವಳು, ಉಸಾಂಗಿ ಕಡೆಯವಳು. ಹೆಸರು ನಮ್ಕುಂಡ. ಪ್ರಾಯದಲ್ಲಿ ಗಾರೆ ಕೆಲಸದ ಗಂಡನ ಬೆನ್ನು ಹಿಡಿದು ಕಿಲಿಮಂಜಾರೋ ಬೆಟ್ಟದ ಈ ಕಿಬೋಶೋಗೆ ಬಂದೆ. ಗಂಡ ಮಣ್ಣು ಸೇರಿದ, ನಾನು ಈ ಚಾಗಾಗಳ ನಡುವೆ ಸಿಕ್ಕಿಕೊಂಡೆ. ದುಡ್ಡಿನ ಪಿಶಾಚಿಗಳು ಇವರು. ಬಾಳೆಗೊನೆ ಎಣಿಸುತ್ತ ನಿದ್ದೆ ಹೋಗುವ ಜನ, ಚರ್ಚಿನಲ್ಲಿ ಕಾಣಿಕೆ ತಟ್ಟೆ ಹತ್ತಿರ ಬಂದಾಗ ಕಣ್ಣು ಮುಚ್ಚಿ ಭಕ್ತಿಯಲ್ಲಿ ಮುಳುಗುವ ಜನ. ಇದನ್ನು ಬೆನ್ನ ಹಿಂದೆ ಹೇಳುತ್ತಿಲ್ಲ, ದಿನಾ ಅವರ ಮುಖದ ಮೇಲೆಯೇ ಹೇಳುತ್ತೇನೆ, ಅವರೂ ನನಗೆ ಸರಿಯಾಗಿಯೇ ವಾಪಸು ಕೊಡುತ್ತಾರೆ. ಪಾರೆಯವರಿಗೂ ಚಾಗಾಗಳಿಗೂ ಇರುವುದು ಬೈಗುಳದ ನಂಟು. ಅಂಥ ನಂಟಿನವರನ್ನು ಇಲ್ಲಿ ಮ್ತಾನಿ ಎನ್ನುತ್ತೇವೆ. ಮ್ತಾನಿ ಕಂಡಲ್ಲಿ ಬೈಯಬಹುದು, ತಲೆಯ ಮೇಲಿನ ಟೋಪಿ ಕಿತ್ತುಕೊಂಡು ಹೋಗಬಹುದು, ಸಾವಿನ ಮನೆಯಲ್ಲಿ ಹೆಣವನ್ನೂ ಬಿಡದೆ ಆಡಿಕೊಳ್ಳಬಹುದು. ಬೈಸಿಕೊಂಡವರು ತಿರುಗಿ ಬೈಯಬೇಕು, ಇಲ್ಲವೇ ನಗಬೇಕು. ಸಿಟ್ಟು ಮಾತ್ರ ಮಾಡುವ ಹಾಗಿಲ್ಲ. ಮ್ತಾನಿಯ ಮೇಲೆ ಕೈ ಎತ್ತಿದವನ ಮನೆ ಉದ್ಧಾರವಾಗುವುದಿಲ್ಲ ಎಂದು ಎರಡೂ ಬೆಟ್ಟದವರು ನಂಬುತ್ತಾರೆ.

ದಮಾಸಿಯ ಹಾಗೆ ಬೈಯುವವನು ಈ ದಿಣ್ಣೆಯಲ್ಲಿ ಮತ್ತೊಬ್ಬನಿರಲಿಲ್ಲ. ಅವನ ತೋಟದ ಮುಂದೆ ನಾನು ಬುಟ್ಟಿ ಹೊತ್ತು ಬಂದದ್ದೇ ತಡ, ಬಾಳೆಯ ಮರೆಯಿಂದ ಶುರುವಾಗುತ್ತಿತ್ತು.

"ಬಂದ್ಲಪ್ಪಾ ಪಾರೆಯೋಳು! ಬಾಗ್ಲು ಹಾಕ್ಕೊಳ್ರೋ! ಕೋಳಿ ಕುಕ್ಕಿದ್ದಕ್ಕೆ ಹಸು ಮಾರಿ ಕೋರ್ಟಿಗೆ ಹೋಗೋ ಜಾತಿ!"

"ಹೋಗ್ತೀನಿ ಕಣೋ. ನಿನ್ ಹಾಗೆ ಸತ್ತೋರ ಜೇಬು ತಡಕಲ್ಲ. ನೀನು ಸತ್ತ ದಿನ ಕಿವಿ ಹತ್ರ ಚಿಲ್ರೆ ಅಲ್ಲಾಡಿಸ್ತೀನಿ, ಎದ್ದು ಕೂತ್ರೆ ಇನ್ನೂ ಸತ್ತಿಲ್ಲ ಅಂತ ಲೆಕ್ಕ."

"ನಿಮ್ಮೂರಲ್ಲಿ ಒಂದೇ ಮೀನನ್ನ ವಾರಗಟ್ಟಲೆ ಸಾರಿನಲ್ಲಿ ಅದ್ದಿ ಅದ್ದಿ ತೆಗೀತಾರಂತೆ, ನಿಜವೇನೇ?"

"ನಮ್ಮ ಸಾರಿನ ಚಿಂತೆ ನಿನಗ್ಯಾಕೋ? ಮಚಾಮೆಯೋಳನ್ನ ಕಟ್ಕೊಂಡಿದೀಯ, ಅವಳು ನಿನ್ನ ತಿಂದು ನೀರು ಕುಡೀತಾಳೆ, ಅದರ ಚಿಂತೆ ಮಾಡು!"

ಈ ಮಾತಿಗೆ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ವೆರುವೆರು ಕೊರಕಲಿನ ಆಚೆ ದಂಡೆ ಮಚಾಮೆ, ಈಚೆ ದಂಡೆ ಕಿಬೋಶೋ. ಇಬ್ಬರೂ ಚಾಗಾಗಳೇ, ಆದರೂ ಮುತ್ತಾತಂದಿರ ಕಾಲದಲ್ಲಿ ಈಟಿ ಹಿಡಿದು ಒಬ್ಬರನ್ನೊಬ್ಬರು ಕೊಂದವರು. ಆಮೇಲೆ ಆಚೆಗೆ ಲೂಥರನ್ ಪಾದ್ರಿಗಳು ಬಂದರು, ಈಚೆಗೆ ಕ್ಯಾಥೊಲಿಕ್ ಪಾದ್ರಿಗಳು ಬಂದರು. ಈಟಿ ಹೋಯಿತು, ಹಗೆ ಹಾಗೇ ಉಳಿಯಿತು. ಮಚಾಮೆಯ ಹೆಂಗಸು ಆಸ್ತಿಯ ಆಸೆಗೆ ಗಂಡನನ್ನೇ ಮುಗಿಸುತ್ತಾಳೆ ಎಂದು ಈಚೆಯವರು ಆಡಿಕೊಳ್ಳುತ್ತಾರೆ. ದಮಾಸಿಯ ಹೆಂಡತಿ ಐಕಂದೆ ಆಚೆಯವಳು. ನಾನು ಹಾಗೆ ಕೂಗಿದಾಗಲೆಲ್ಲ ಅವಳು ಕಾಫಿ ಗಿಡದ ನಡುವೆ ತಲೆ ಬಗ್ಗಿಸಿ ಹಣ್ಣು ಕೀಳುತ್ತಲೇ ಇರುತ್ತಿದ್ದಳು. ಒಂದು ದಿನವೂ ತಿರುಗಿ ಬೈಯಲಿಲ್ಲ. ಎಂಥ ಸೊಕ್ಕು ಇವಳಿಗೆ ಎಂದುಕೊಳ್ಳುತ್ತಿದ್ದೆ.

ದಮಾಸಿ ಸತ್ತದ್ದು ಕುಡಿತದಿಂದ. ಲಿವರ್ ಹಾಳಾಗಿದೆ, ಕುಡಿಯೋದು ಬಿಡು ಎಂದು ಮೋಶಿ ಪೇಟೆಯ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಬಾಳೆಹಣ್ಣಿನ ಹೆಂಡ ಬಿಟ್ಟರೆ ಚಾಗಾ ಚಾಗಾ ಆಗಿ ಉಳಿಯುತ್ತಾನೆಯೇ? ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ, ಕೊನೆಗೆ ನನ್ನನ್ನು ಬೈಯುವುದಕ್ಕೂ ಉಸಿರಿಲ್ಲದೆ ಹೋದ. ಹೆಂಡತಿ ಸೊಪ್ಪಿನ ಕಷಾಯ ಮಾಡಿ ಮಾಡಿ ಕುಡಿಸಿದಳು. ಅದೊಂದೂ ನಾಟಲಿಲ್ಲ.

ಮಧ್ಯಾಹ್ನ ಸಾವಿನ ಮನೆಗೆ ಹೊರಟೆ. ಕೆಳಗಿನ ಮಸೀದಿಯ ಶೇಖ್ ದಾರಿಯಲ್ಲಿ ಸಿಕ್ಕಿದರು.

"ನಮ್ಕುಂಡಮ್ಮ, ಹೆಂಗಸರು ಗೋರಿ ಹತ್ರ ಹೋಗಬಾರದು ಅಂತ ಎಷ್ಟು ಸಲ ಹೇಳೋದು ನಿಮಗೆ? ಅದೂ ಕ್ರೈಸ್ತರ ಗೋರಿ."

"ಮುಸಲ್ಮಾನಳಾಗಿ ಹೋಗ್ತಿಲ್ಲ ಶೇಖ್ ಸಾಹೇಬ್ರೆ, ಪಾರೆಯೋಳಾಗಿ ಹೋಗ್ತಿದೀನಿ. ಶುಕ್ರವಾರದ ಹೊತ್ತಿಗೆ ಮತ್ತೆ ಮುಸಲ್ಮಾನಳಾಗ್ತೀನಿ, ಬಿಡಿ."

ಅವರು ತಲೆ ಚಚ್ಚಿಕೊಂಡು ಹೋದರು. ನಾನು ಅಡ್ಡದಾರಿ ಹಿಡಿದು ದಮಾಸಿಯ ತಮ್ಮ ಅಪೊಲಿನಾರಿಯ ತೋಟದೊಳಗಿಂದ ನಡೆದೆ. ನೋಡಿದರೆ ಅಲ್ಲಿ, ಅವರಪ್ಪನ ಟೈಲ್ಸ್ ಹಾಕಿದ ಗೋರಿಯ ಮಗ್ಗುಲಲ್ಲಿ, ಗಂಡಸರು ಸೊಂಟದುದ್ದ ಗುಂಡಿ ತೋಡಿ ನಿಂತಿದ್ದರು. ಅಪೊಲಿನಾರಿ ಮೇಲೆ ನಿಂತು ಯಜಮಾನಿಕೆ ಮಾಡುತ್ತಿದ್ದ. ಪೇಟೆಯಲ್ಲಿ ಬಾರ್ ಇಟ್ಟವನು, ಹೊಟ್ಟೆಯೂ ಪೇಟೆಯದೇ.

"ಏನೋ ಅಪೊಲಿನಾರಿ, ಯಾರಿಗೋ ಇದು? ಹೆಂಡದ ಪೀಪಾಯಿ ಬಚ್ಚಿಡ್ತಿದೀಯ?"

"ಅಣ್ಣನಿಗೆ. ಅಪ್ಪನ ಪಕ್ಕ ಮಲಗ್ಲಿ ಪಾಪ."

"ಅವನಿಗೆ ಅವನ ತೋಟ ಇಲ್ವೇನೋ?"

"ಆ ತೋಟದ ವಿಷ್ಯ ಆಮೇಲೆ ಮಾತಾಡೋಣ," ಎಂದು ಫೋನನ್ನು ಕಿವಿಗೆ ಒತ್ತಿಕೊಂಡ. ಅದು ಹೊಡೆದುಕೊಂಡೇ ಇರಲಿಲ್ಲ.

ಅವನ ಲೆಕ್ಕ ನನಗೆ ಅರ್ಥವಾಯಿತು. ಇಲ್ಲಿ ಸಂಸಾರಸ್ಥನನ್ನು ಹೂಳುವುದು ಅವನ ಸ್ವಂತ ಬಾಳೆತೋಟದಲ್ಲಿ. ಗಂಡನ ಗೋರಿ ಯಾವ ತೋಟದಲ್ಲಿದೆಯೋ ಆ ತೋಟ ಹೆಂಡತಿ ಮಕ್ಕಳದು. ಗೋರಿ ಇದ್ದ ಮಣ್ಣಿನಿಂದ ವಿಧವೆಯನ್ನು ಎಬ್ಬಿಸಲು ಯಾವ ಚಾಗಾನಿಗೂ ಧೈರ್ಯವಿಲ್ಲ. ಅಪ್ಪನ ತೋಟ ಕಿರಿಯವನಿಗೆ, ಹಿರಿಯವನಿಗೆ ಬೇರೆ ತೋಟ. ಅದೇ ಕಟ್ಟಳೆಯಂತೆ ದಮಾಸಿಗೆ ಕೊರಕಲಿನ ಅಂಚಿನ ತೋಟ ಬಂದಿತ್ತು. ಬಂದಾಗ ಅದು ಯಾರಿಗೂ ಬೇಡವಾದ ಮೂಲೆ. ಈಗ ಟಾರು ರಸ್ತೆ ಸರಿಯಾಗಿ ಅದರ ಬಾಯಿಗೇ ಬಂದು ನಿಂತಿದೆ, ಮೈದುನನ ಬಾಯಲ್ಲಿ ನೀರೂರಿದೆ. ದಮಾಸಿಗೆ ಇಬ್ಬರು ಹೆಣ್ಣುಮಕ್ಕಳು, ಗಂಡಿಲ್ಲ. ಗಂಡು ಮಗನೂ ಇಲ್ಲದ, ಗೋರಿಯೂ ಇಲ್ಲದ ತೋಟ ಕುಲಕ್ಕೆ ವಾಪಸು ಹೋಗುತ್ತದೆ. ಕುಲ ಎಂದರೆ ಅಪೊಲಿನಾರಿ. ಸರ್ಕಾರದ ಕಾನೂನು ಬೇರೆ ಇದೆ, ನನಗೆ ಗೊತ್ತಿಲ್ಲವೇ, ನಾನು ಪಾರೆಯವಳು. ಆದರೆ ಕೋರ್ಟು ಕೆಳಗೆ ಮೋಶಿಯಲ್ಲಿದೆ, ಮೈದುನ ಪಕ್ಕದ ತೋಟದಲ್ಲಿದ್ದಾನೆ.

ಐಕಂದೆ ಒಳಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ದೊಡ್ಡ ಮಗಳು ಯುಸ್ತಾ ಅವಳ ಹೆಗಲು ಹಿಡಿದುಕೊಂಡಿದ್ದಳು. ನಾನು ಹೊಸಿಲು ದಾಟಿದ್ದೇ ಯುಸ್ತಾ ಉರಿದುಬಿದ್ದಳು.

"ಬಂದ್ರಾ? ನಿಮ್ಮ ಮಾತು ನಿಜ ಆಯ್ತಲ್ಲ, ಖುಷಿನಾ? ಚಿಕ್ಕಪ್ಪ ಪಂಚಾಯ್ತಿಲಿ ನಿಮ್ಮ ಹೆಸರೇ ಹೇಳಿದ್ದು!"

"ನನ್ನ ಹೆಸರು ಯಾಕೇ?"

"ಕೇಳ್ಕೊಳ್ಳಿ ಹೋಗಿ, ಲೌರೆಂತಿ ಅಜ್ಜನ್ನ!"

ಐಕಂದೆ ಮಾತ್ರ ಮೆಲ್ಲಗೆ, "ನನ್ನ ಕಾಲ ಕೆಳಗಿನ ಮಣ್ಣು ಎಳೀತಿದಾರೆ ಅಕ್ಕ," ಎಂದಳು.

"ಎದ್ದು ಹೋಗಿ ಬಾಯಿಗೆ ಬಂದ ಹಾಗೆ ಬೈಯೇ! ಬಾಯಿ ಇಲ್ವಾ ನಿನಗೆ?"

"ನಾನು ಬೈದ್ರೆ, ಗಂಡನ್ನ ತಿಂದೋಳಿಗೆ ಬಾಯಿ ಬೇರೆ ಕೇಡು ಅಂತಾರೆ."

ಲೌರೆಂತಿ ಅಜ್ಜ ಆ ಕುಲಕ್ಕೆ ಹಿರಿಯ, ಸತ್ತವನ ದೊಡ್ಡಪ್ಪ. ಅಂಗಳದ ಶಾಮಿಯಾನದ ಕೆಳಗೆ ಹೆಂಡದ ಬುರುಡೆ ಹಿಡಿದು ಕೂತಿದ್ದ. ನಾನು ಎದುರು ನಿಂತು, "ಏನಜ್ಜಾ, ಹಲ್ಲು ಹೋದ ಮೇಲೆ ಬುದ್ಧಿನೂ ಉದುರಿಹೋಯ್ತಾ?" ಎಂದೆ.

ಅವನು ನಗಲಿಲ್ಲ. "ಬೆಳಿಗ್ಗೆನೇ ತೀರ್ಮಾನ ಆಯ್ತು ಕಣಮ್ಮ. ಐಕಂದೆ ಮದುವೆ ನಮ್ಮ ಚರ್ಚಲ್ಲಿ ಆದ್ರೂ, ಭಾನುವಾರ ಬಂತು ಅಂದ್ರೆ ಕೊರಕಲು ದಾಟಿ ಲೂಥರನ್ನರ ಚರ್ಚಿಗೇ ಹೋಗ್ತಾಳೆ. ಅವಳ ಕೈಲಿ ಗೋರಿ ಕೊಟ್ರೆ ನಮ್ಮ ಫಾದರ್‌ನ ಒಳಗೆ ಬಿಡ್ತಾಳಾ ಅಂತ ಅಪೊಲಿನಾರಿ ಕೇಳ್ದ. ಆಮೇಲೆ ಆ ಕಷಾಯ. ಅದರಲ್ಲಿ ಏನಿತ್ತು ಅಂತ ಯಾರು ಕಂಡೋರು ಅಂದ. ಪಾರೆ ಮುದುಕಿನೇ ಬೀದೀಲಿ ಕೂಗ್ತಿದ್ಲಲ್ಲ, ಮಚಾಮೆಯೋಳು ಇವನನ್ನ ತಿಂತಾಳೆ ಅಂತ. ಹೊರಗಿನೋಳಿಗೆ ಕಂಡದ್ದು ನಮಗೆ ಕಾಣಲಿಲ್ಲ ಅಂದ."

"ಅಯ್ಯೋ ನಿನ್ ಮನೆ ಕಾಯ! ಅದು ತಮಾಷೆ ಅಜ್ಜಾ!"

"ನಿನ್ನ ಬಾಯಲ್ಲಿ ತಮಾಷೆ. ಅವನ ಬಾಯಲ್ಲಿ ಸಾಕ್ಷಿ."

"ಅದಕ್ಕೆ ನೀನೂ ಹೂಂ ಅಂದೆಯಾ?"

"ಎಲ್ಲರೂ ಹೂಂ ಅಂದ್ರು. ಈಗ ಗುಂಡಿನೂ ತೋಡಿ ಆಯ್ತು. ತೋಡಿದ ಗುಂಡಿ ಹಾಗೇ ಬಿಡೋ ಹಾಗಿಲ್ಲ, ಬಿಟ್ರೆ ಅದು ಇನ್ನೊಂದು ಹೆಣ ಕೇಳುತ್ತೆ, ನಿನಗೂ ಗೊತ್ತು."

ನನ್ನ ಮೈಯೆಲ್ಲ ಉರಿದುಹೋಯಿತು. ನೋಡಿ, ನನ್ನ ಬೈಗುಳ ನನ್ನದು. ನಾನು ಅದನ್ನು ಆಟಕ್ಕೆ ಎಸೆಯುತ್ತೇನೆ, ಎದುರಿನವನು ಹಿಡಿದು ವಾಪಸು ಎಸೆಯುತ್ತಾನೆ, ಇಬ್ಬರೂ ನಕ್ಕು ಅವರವರ ದಾರಿ ಹಿಡಿಯುತ್ತೇವೆ. ಈ ನಾಯಿ ಅದನ್ನು ಕದ್ದು, ಸಾಣೆ ಹಿಡಿದು, ಒಬ್ಬ ಹೆಂಗಸಿನ ಕುತ್ತಿಗೆಗೆ ಇಟ್ಟಿದ್ದಾನೆ. ಬಾರಿನವನಿಗೆ ನನ್ನ ಬಾಯಿಯೇ ಬೇಕಾಯಿತೇ? ಅಲ್ಲಿಯೇ ತೀರ್ಮಾನ ಮಾಡಿಕೊಂಡೆ. ಆ ಗುಂಡಿಗೆ ದಮಾಸಿ ಇಳಿಯಬಾರದು. ಅದಕ್ಕೆ ದಾರಿ ಒಂದೇ. ಅಪೊಲಿನಾರಿಗೆ ಸಿಟ್ಟು ಬರಿಸಬೇಕು, ಮ್ತಾನಿಯ ಮೇಲೆ, ಗೋರಿಯ ಬಾಯಲ್ಲಿ, ಊರೆಲ್ಲ ನೋಡುವಾಗ. ಮ್ತಾನಿಯ ಮೇಲೆ ಕೈ ಎತ್ತಿದ ಜಾಗದಲ್ಲಿ ಯಾರೂ ತಮ್ಮ ಹೆಣ ಇಡುವುದಿಲ್ಲ.

ಮರುದಿನ ಬೆಳಿಗ್ಗೆ ದಾರ್ ಎಸ್ ಸಲಾಮ್‌ನಿಂದ, ಅರುಶಾದಿಂದ ನೆಂಟರೆಲ್ಲ ಬಂದು ಇಳಿದರು. ದೊಡ್ಡ ಪಾತ್ರೆಗಳಲ್ಲಿ ಬಾಳೆಕಾಯಿ, ಮಾಂಸ ಬೇಯುತ್ತಿತ್ತು. ಫಾದರ್ ಅಂಗಳದಲ್ಲೇ ಪೂಜೆ ಮಾಡಿದರು. ಆಚೆ ದಂಡೆಯಿಂದ ಬಂದ ಐಕಂದೆಯ ಅಣ್ಣಂದಿರು ದೂರದಲ್ಲಿ ಕೈಕಟ್ಟಿ ನಿಂತಿದ್ದರು, ಅವರಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ಮ್ತಾನಿಗೆ ಹಕ್ಕಿರುವಂತೆ ನಾನು ದಮಾಸಿಯ ಕೋಟು ಹಾಕಿಕೊಂಡು, ಅವನ ಟೋಪಿ ಇಟ್ಟುಕೊಂಡು, ಅವನ ಹಾಗೆಯೇ ತೂರಾಡುತ್ತ ಪೆಟ್ಟಿಗೆಯ ಹತ್ತಿರ ಹೋದೆ. ಕೋಟಿನ ಜೇಬಿನ ಚಿಲ್ಲರೆ ತೆಗೆದು ಅವನ ಕಿವಿಯ ಬಳಿ ಝಣಝಣ ಅಲ್ಲಾಡಿಸಿದೆ.

"ಏಳೋ! ದುಡ್ಡು ಕಣೋ! ಏಳಲ್ವಾ? ಜನರೇ, ಈ ಚಾಗಾ ನಿಜವಾಗ್ಲೂ ಸತ್ತಿದಾನೆ, ಅನುಮಾನವೇ ಇಲ್ಲ!"

ಅಂಗಳವೆಲ್ಲ ನಕ್ಕಿತು, ಅತ್ತು ಅತ್ತು ಮುಖ ಊದಿದವರೂ ನಕ್ಕರು. ಅಪೊಲಿನಾರಿಯೂ ಒಳ್ಳೆಯ ಮನೆಯವನ ಹಾಗೆ ಹೊಟ್ಟೆ ಕುಣಿಸಿ ನಕ್ಕ. ಐಕಂದೆ ನಗಲಿಲ್ಲ. ನಾನು ದಮಾಸಿಯ ಹಣೆ ಮುಟ್ಟಿದೆ. ತಣ್ಣಗಿತ್ತು. ಈ ದಾರಿಯಲ್ಲಿ ಇನ್ನು ನನ್ನನ್ನು ಬೈಯುವವರು ಯಾರು?

ಪೆಟ್ಟಿಗೆ ಎತ್ತಿದರು. ಹಾಡುವವರು ಮುಂದೆ, ಜನ ಹಿಂದೆ, ಬಾಳೆಯ ನಡುವೆ ಮೆಲ್ಲಗೆ ಹೊರಟಿತು ಮೆರವಣಿಗೆ. ನಾನು ಕೋಟು ಎತ್ತಿಕೊಂಡು ಕಾಲುವೆಯ ಬದುವಿನ ಮೇಲೆ ಓಡಿ ಎಲ್ಲರಿಗಿಂತ ಮೊದಲು ಹೋಗಿ ಗುಂಡಿಗೆ ಧುಮುಕಿದೆ. ಮೊಣಕಾಲು ಕಟಕ್ಕೆಂದಿತು, ವಯಸ್ಸು ಕೇಳಬೇಕಲ್ಲ. ಪೆಟ್ಟಿಗೆ ಬಂದಾಗ ನಾನು ಅಲ್ಲಿ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದೆ.

ಮತ್ತೆ ನಗು ಎದ್ದಿತು. ಇದು ಹೊಸದೇನಲ್ಲ, ಮ್ತಾನಿ ಗುಂಡಿಯಲ್ಲಿ ಮಲಗುವುದು ಉಂಟು, ಏನಾದರೂ ಕೊಟ್ಟು ಎಬ್ಬಿಸುವುದೂ ಉಂಟು.

"ಏಳೇ ಪಾರೆಯೋಳೇ," ಅಪೊಲಿನಾರಿ ದೊಡ್ಡ ದನಿಯಲ್ಲಿ ಕೂಗಿದ, "ಏನು ಬೇಕು ಹೇಳು! ಒಂದು ಹೋತ? ಎರಡು ಪೀಪಾಯಿ ಹೆಂಡ?"

"ನಾನು ಕುಡಿಯೋಳಲ್ಲ ಕಣೋ, ಗೊತ್ತಿಲ್ವಾ? ಹೋತ ನೀನೇ ಇಟ್ಕೊ, ಮನೇಲಿ ಜೊತೆಗಿರಲಿ."

"ಮತ್ತೆ?"

"ದಮಾಸಿನ ಅವನ ತೋಟಕ್ಕೆ ತಗೊಂಡ್ಹೋಗಿ. ಆವಾಗ ಏಳ್ತೀನಿ."

ನಗು ಸ್ವಲ್ಪ ಇಳಿಯಿತು. ಫಾದರ್ ಪುಸ್ತಕ ಮುಚ್ಚಿ ಬೆರಳು ನಡುವೆ ಇಟ್ಟುಕೊಂಡರು. ಅಪೊಲಿನಾರಿ ಇನ್ನೂ ಹಲ್ಲು ಬಿಟ್ಟುಕೊಂಡೇ ಇದ್ದ. "ತಮಾಷೆ ಸಾಕು, ಬಿಸಿಲೇರ್ತಿದೆ. ಅಪ್ಪನ ಪಕ್ಕ ಮಲಗ್ಲಿ ಬಿಡು."

"ಅಪ್ಪನ ಪಕ್ಕ ಅಲ್ವೋ. ಅವನನ್ನ ಇಲ್ಲಿ ಮಲಗಿಸಿ, ರಸ್ತೆ ಬಾಯಲ್ಲಿರೋ ಅವನ ತೋಟದಲ್ಲಿ ನೀನು ಬಾರ್ ಎಬ್ಬಿಸ್ತೀಯ. ಅಣ್ಣ ಕುಡಿದು ಸತ್ತ, ಅವನ ಮಣ್ಣಲ್ಲಿ ಊರೋರಿಗೆಲ್ಲ ಕುಡಿಸ್ತೀಯ. ಬಹಳ ದೊಡ್ಡ ಮನಸ್ಸಪ್ಪಾ ನಿಂದು!"

"ಮುಚ್ಚೇ ಬಾಯಿ, ಕೊಳೆತ ಮೀನು ಮಾರೋ ಮುದುಕಿ!"

"ಶಹಬ್ಬಾಸ್! ಬೈದೆ ನೋಡು, ಈಗ ಗಂಡಸು. ಆದ್ರೆ ನನ್ನ ಮೀನು ಸತ್ತ ಮೇಲೆ ಬುಟ್ಟಿಗೆ ಬರೋದು. ನಿನಗೆ ಅಷ್ಟೂ ತಾಳ್ಮೆ ಇಲ್ಲ. ಅಣ್ಣ ಆಸ್ಪತ್ರೆಲಿ ನರಳ್ತಿದ್ದಾಗ ಒಂದು ಸಲ ಬಂದೆಯಲ್ಲ, ಎಲ್ಲಿಗೆ ಬಂದೆ? ಆಸ್ಪತ್ರೆಗಾ? ತೋಟಕ್ಕೆ! ಕೈಲಿ ಏನಿತ್ತೋ? ಅಳತೆ ಟೇಪು! ರಣಹದ್ದು ಕೂಡ ಉಸಿರು ನಿಲ್ಲೋವರೆಗೂ ಕಾಯುತ್ತೆ ಕಣೋ!"

ಇದನ್ನು ನಾನೊಬ್ಬಳೇ ನೋಡಿದ್ದಲ್ಲ. ಆ ದಿನ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ನೋಡಿದ್ದರು. ಹೇಳುವುದಕ್ಕೆ ಅವರಿಗೆ ಬಾಯಿರಲಿಲ್ಲ, ನನಗಿತ್ತು. ಗುಂಪಿನಲ್ಲಿ ಯಾರೋ "ಹೌದು" ಎಂದರು. ಮತ್ತೊಬ್ಬರು ಕೆಮ್ಮಿದರು. ಅಪೊಲಿನಾರಿಯ ಹಲ್ಲು ಒಳಗೆ ಹೋಯಿತು.

"ಏಳ್ತೀಯೋ ಇಲ್ವೋ?"

ನಾನು ತಲೆಯ ಮೇಲಿದ್ದ ದಮಾಸಿಯ ಟೋಪಿ ತೆಗೆದು ಅವನ ಕಾಲ ಬುಡಕ್ಕೆ ಎಸೆದೆ. "ತಗೋ, ಇದನ್ನೂ ಅಳತೆ ಮಾಡ್ಕೊ. ಅತ್ತಿಗೆ ಕೂತಿರೋ ಚಾಪೆನೂ ಅಳೆ. ಮಚಾಮೆಯೋಳು ಗಂಡನ್ನ ತಿಂದ್ಲು ಅಂತೀಯಲ್ಲ, ಅಣ್ಣನ್ನ ಹಸಿ ಹಸಿ ತಿಂದೋನು ಯಾರು ಅಂತ ಇವರಿಗೆಲ್ಲ ನಿನ್ನ ಹೊಟ್ಟೆ ನೋಡಿದ್ರೇ ಗೊತ್ತಾಗುತ್ತೆ!"

ಎಲ್ಲರೂ ನಕ್ಕುಬಿಟ್ಟರು. ಆಚೆ ದಂಡೆಯಿಂದ ಬಂದವರೂ ನಕ್ಕರು. ಕಿಬೋಶೋದವನಿಗೆ ಮಚಾಮೆಯವರ ನಗು ಕೇಳಿಸಿತು ನೋಡಿ, ಅಲ್ಲಿಗೆ ಅವನ ಕಟ್ಟೆ ಒಡೆಯಿತು. ಪಕ್ಕದವನ ಕೈಯಿಂದ ಸಲಿಕೆ ಕಿತ್ತುಕೊಂಡು, ಗುಡ್ಡೆಯ ಮಣ್ಣಿಗೆ ನುಗ್ಗಿಸಿ, ತುಂಬಿದ ಸಲಿಕೆಯನ್ನು ನನ್ನ ಮುಖದ ಮೇಲೆ ಸುರಿದ.

"ಸಾಯಿ ಹಾಗಾದ್ರೆ! ಅಲ್ಲೇ ಸಾಯಿ!"

ಇನ್ನೊಂದು ಸಲಿಕೆ ಬಿತ್ತು. ಬಾಯೊಳಗೆ, ಕಣ್ಣೊಳಗೆ ಮಣ್ಣು. ಸುಳ್ಳು ಹೇಳುವುದಿಲ್ಲ, ನನಗೆ ಜೀವ ಹೋದಷ್ಟು ಹೆದರಿಕೆಯಾಯಿತು. ಬೇಕೆಂದೇ ಅವನನ್ನು ಅಲ್ಲಿಗೆ ತಂದವಳು ನಾನೇ, ಆದರೂ ಎರಡೂ ತೋಳಿನಿಂದ ಮುಖ ಮುಚ್ಚಿಕೊಂಡೆ. ಮೂರನೆಯ ಸಲಿಕೆ ಮೇಲೇಳುವಷ್ಟರಲ್ಲಿ ಯಾರೋ ಅವನ ತೋಳು ಹಿಡಿದರು. ಹಾಡುವವರು ನಿಲ್ಲಿಸಿದ್ದರು, ಮಕ್ಕಳೂ ಅಳುತ್ತಿರಲಿಲ್ಲ. ನಾನು ಎದ್ದು ನಿಂತೆ, ಮಣ್ಣು ಉಗುಳಿದೆ. ಬೈಯುವವಳು ಬಾಯಿ ಮುಚ್ಚಿಕೊಂಡು ನಿಂತರೆ ಎಷ್ಟು ಭಯವಾಗುತ್ತದೆಂದು ಅವರ ಮುಖಗಳಲ್ಲೇ ಕಾಣುತ್ತಿತ್ತು.

ಲೌರೆಂತಿ ಅಜ್ಜ ಕೋಲೂರಿಕೊಂಡು ಅಂಚಿಗೆ ಬಂದು, ಅಪೊಲಿನಾರಿಯ ಕೈಯಿಂದ ಸಲಿಕೆ ತೆಗೆದುಕೊಂಡ.

"ಏನು ಮಾಡಿದೆ ಗೊತ್ತಾ ನೀನು? ಜೀವ ಇರೋರ ಮೇಲೆ ಗೋರಿ ಮಣ್ಣು ಹಾಕ್ದೆ. ಅದೂ ಮ್ತಾನಿ ಮೇಲೆ."

"ಅವಳು ಏನೇನು ಅಂದ್ಲು ದೊಡ್ಡಪ್ಪಾ, ನೀವೇ ಕೇಳಿದ್ರಲ್ಲ..."

"ಅನ್ನೋದು ಅವಳ ಕೆಲಸ. ನಮ್ಮಪ್ಪ ಸತ್ತಾಗ ಅವಳ ಕಡೆಯೋರು ಇದಕ್ಕಿಂತ ಜಾಸ್ತಿ ಅಂದಿದ್ರು. ನಾವು ನಕ್ವಿ, ಮನೆಗೆ ಹೋಗಿ ಅತ್ವಿ." ಅಜ್ಜ ಜನರ ಕಡೆ ತಿರುಗಿದ. "ಈ ಗುಂಡಿ ಇವಳ ಹೆಸರಿಗೆ ಹೋಯ್ತು. ಇದರಲ್ಲಿ ದಮಾಸಿನ ಇಡೋ ಹಾಗಿಲ್ಲ. ಇಟ್ರೆ ನಮ್ಮ ಮನೇಲಿ ಸಾವು ನಿಲ್ಲಲ್ಲ. ಒಂದು ಬಾಳೆ ಕಡ್ಕೊಂಡು ಬನ್ನಿ."

ಫಾದರ್ ಮುಂದೆ ಬಂದರು. "ಅಜ್ಜಾ, ಇದೆಲ್ಲ ಚರ್ಚು ಒಪ್ಪೋ ಮಾತಲ್ಲ."

"ಫಾದರ್, ಆತ್ಮ ನೀವು ನೋಡ್ಕೊಳ್ಳಿ. ಮಣ್ಣು ನಾವು ನೋಡ್ಕೋತೀವಿ."

"ಹಾಗಾದ್ರೆ ಅಣ್ಣನ್ನ ಎಲ್ಲಿ ಹೂಳೋದು?" ಅಪೊಲಿನಾರಿ ಕೂಗಿದ. "ಇದೇ ತೋಟದಲ್ಲಿ ಇನ್ನೊಂದು ತೋಡಿಸ್ತೀನಿ!"

"ನೀನು ಸಲಿಕೆ ಎತ್ತಿದ ತೋಟದಲ್ಲಾ?" ಅಜ್ಜ ನೆಲಕ್ಕೆ ಉಗಿದ. "ಅವನ ಮನೆಗೆ ತಗೊಂಡ್ಹೋಗ್ರೋ."

ನನ್ನನ್ನು ಮೇಲೆತ್ತಿದರು. ನನ್ನ ಉದ್ದದ ಬಾಳೆ ದಿಂಡು ಕಡಿದು, ನನ್ನ ಹೊದಿಕೆಯ ಬಟ್ಟೆಯನ್ನೇ ಕೇಳಿ ತೆಗೆದುಕೊಂಡು, ಅದರಲ್ಲಿ ಸುತ್ತಿ ಗುಂಡಿಗಿಳಿಸಿದರು. "ಇದು ನಮ್ಕುಂಡ, ಉಸಾಂಗಿಯೋಳು," ಎಂದು ಅಜ್ಜ ಹೇಳಿ ಮಣ್ಣು ಹಾಕಿದ. ಸಾವಿಗೆ ಸಲ್ಲಬೇಕಾದ್ದು ಸಂದಿತು, ಇನ್ನು ಅದು ನನ್ನನ್ನು ಹುಡುಕಿಕೊಂಡು ಬರುವುದಿಲ್ಲ ಎಂದು ಅವರ ನಂಬಿಕೆ. ನಾನು ಪಕ್ಕದಲ್ಲೇ ನಿಂತು ನನ್ನನ್ನು ಹೂಳುವುದನ್ನು ನೋಡಿದೆ.

ದಮಾಸಿಯನ್ನು ಟಾರು ರಸ್ತೆಯ ಮೇಲೆ ಹೊತ್ತು ಕೊರಕಲಿನ ಅಂಚಿಗೆ ತಂದರು. ಆಚೆ ದಂಡೆಯ ಅಣ್ಣಂದಿರು ಕೋಟು ಬಿಚ್ಚಿ ತಾವೇ ಗುದ್ದಲಿ ಹಿಡಿದರು. ಈಚೆಯವರು ಸ್ವಲ್ಪ ಹೊತ್ತು ನೋಡಿ, ನಾಚಿಕೆಯಾಗಿ ತಾವೂ ಇಳಿದರು. ಸಂಜೆಯ ಬಿಸಿಲಿರುವಾಗಲೇ ಅವನು ತನ್ನ ಬಾಳೆಯ ಬುಡ ಸೇರಿದ. ಫಾದರ್ ತಮ್ಮ ಪ್ರಾರ್ಥನೆ ಹೇಳಿದರು, ಐಕಂದೆಯ ಕಡೆಯವರು ತಮ್ಮ ಹಾಡು ಹಾಡಿದರು, ಯಾರೂ ಯಾರನ್ನೂ ತಡೆಯಲಿಲ್ಲ. ಐಕಂದೆ ಎರಡು ಕೈಯಲ್ಲೂ ಮಣ್ಣು ತೆಗೆದುಕೊಂಡು ಬಹಳ ಹೊತ್ತು ಹಿಡಿದುಕೊಂಡಿದ್ದು ಆಮೇಲೆ ಹಾಕಿದಳು. ತೋಟ ಅವಳಿಗೆ ಉಳಿಯಿತು.

ಅಪೊಲಿನಾರಿ ತಪ್ಪಿಗೆ ಹೋತ ತಂದು ನನ್ನ ಮುಂದೆ ಕಟ್ಟಬೇಕಿತ್ತು. ತರಲಿಲ್ಲ, ತರುವುದೂ ಇಲ್ಲ. ಅವನ ಹೆಂಡತಿ ನನ್ನನ್ನು ಕಂಡರೆ ರಸ್ತೆಯ ಆಚೆ ಮಗ್ಗುಲಿಗೆ ಹೋಗುತ್ತಾಳೆ. ಹೋಗಲಿ ಬಿಡಿ, ನನಗೇನು ಅವರ ಅನ್ನದ ಹಂಗೇ?

ನಾಲ್ಕನೆಯ ದಿನ ಸೂತಕ ಎತ್ತಿದರು. ಮನೆಯವರೆಲ್ಲ ತಲೆ ಬೋಳಿಸಿಕೊಂಡರು. ನಾನು ಒಂದು ಕಟ್ಟು ಮೀನು ಹಿಡಿದುಕೊಂಡು ಹೋದೆ, ಬರಿಗೈಯಲ್ಲಿ ಬಂದಳು ಜಿಪುಣಿ ಎನ್ನಬಾರದಲ್ಲ. ಐಕಂದೆ ಬೋಳುತಲೆಯಲ್ಲಿ ಹೆಂಗಸರ ನಡುವೆ ಬಾಳೆಲೆಯ ಮೇಲೆ ಕೂತಿದ್ದಳು. ಮುಖ ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿತ್ತು. ಈಗಲಾದರೂ ನಕ್ಕಾಳು, ಈಗಲಾದರೂ ತಿರುಗಿ ಒಂದು ಬೈದಾಳು ಎಂದು ನನಗೆ ಆಸೆ. ಬಾಗಿಲಿಂದಲೇ ಕೂಗಿದೆ.

"ಏನೇ ಗಂಡನ್ನ ತಿಂದೋಳೇ! ಹೊಟ್ಟೆ ತುಂಬಿತಾ, ಇಲ್ಲ ಇನ್ನೊಬ್ಬನ್ನ ಹುಡುಕೋಣ್ವಾ?"

ಒಬ್ಬಿಬ್ಬರು ನಗಲು ಹೊರಟು ತಡೆದುಕೊಂಡರು. ಐಕಂದೆ ತಲೆ ಎತ್ತಿದಳು.

"ಬನ್ನಿ ಅಕ್ಕ, ಕೂತ್ಕೊಳ್ಳಿ," ಎಂದಳು. ನಾನು ಕೂತೆ. ಅವಳೇ ತಟ್ಟೆಗೆ ಬಡಿಸಿ ನನ್ನ ಮುಂದಿಟ್ಟಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನಿಮ್ಮಿಂದ ನನ್ನ ಮಣ್ಣು ಉಳೀತು. ನಾನು ಸಾಯೋವರೆಗೂ ಮರೆಯಲ್ಲ. ಆದ್ರೆ ಆ ಮಾತು ಇನ್ನು ಆಡಬೇಡಿ. ನೀವು ರಸ್ತೇಲಿ ಕೂಗಿ ಹೋಗ್ತಿದ್ರಿ. ನಮ್ಮ ಯುಸ್ತಾನ ಸ್ಕೂಲಲ್ಲಿ ಗಂಡನ್ನ ತಿಂದೋಳ ಮಗಳು ಅಂತಿದ್ರು. ಅವಳನ್ನ ಕೇಳ್ಕೊಂಡು ಬಂದೋರು ಎರಡು ಸಲ ಈ ಮಾತು ಕೇಳಿ ವಾಪಸ್ ಹೋದ್ರು. ಕೊನೆ ಕೊನೆಗೆ ಅವರೂ ನನ್ನ ಕೈಯ ಕಷಾಯ ಕುಡಿಯೋಕೆ ಮುಂಚೆ ನನ್ನ ಮುಖ ನೋಡ್ತಿದ್ರು."

"ಯಾರು?"

"ದಮಾಸಿ. ನಿಮ್ಮ ಜೊತೆ ಅಷ್ಟು ನಗ್ತಿದ್ರಲ್ಲ, ಅವರು. ಲೋಟ ಹಿಡ್ಕೊಂಡು ನನ್ನ ಮುಖ ನೋಡೋರು. ಮೊದಲು ನಾನು ಒಂದು ಗುಟುಕು ಕುಡಿದು ತೋರಿಸಿದ ಮೇಲೆ ಕುಡಿಯೋರು."

ನನಗೆ ಸಿಟ್ಟು ಬಂತು. ಇಂಥ ಮಾತನ್ನು ನಾಲ್ಕು ಜನರ ಮುಂದೆ ಆಡುತ್ತಾಳಲ್ಲ, ಇವಳಿಗಾಗಿ ಬಾಯಿ ತುಂಬ ಗೋರಿಯ ಮಣ್ಣು ತಿಂದವಳು ನಾನಲ್ಲವೇ ಎಂದು ಸಿಟ್ಟು. ಉತ್ತರವೂ ನಾಲಗೆಯ ತುದಿಯಲ್ಲಿತ್ತು: ನೀನು ಒಂದು ದಿನ ತಿರುಗಿ ಬೈದಿದ್ದರೆ ಅದು ಆಟವಾಗಿಯೇ ಇರುತ್ತಿತ್ತಲ್ಲೇ. ಅವಳ ಮುಖ ನೋಡಿ ಅದನ್ನು ನುಂಗಿಕೊಂಡೆ. ಬಡಿಸಿದ್ದನ್ನು ಪೂರಾ ಉಂಡೆ. ಕೈ ತೊಳೆದು, ಮೀನಿನ ಕಟ್ಟನ್ನು ಯುಸ್ತಾಳ ಕೈಗೆ ಕೊಟ್ಟು, ಬರುತ್ತೇನೆಂದು ಹೇಳಿ ಹೊರಟೆ.

ಈಗಲೂ ಆ ದಾರಿಯಲ್ಲೇ ಹೋಗುತ್ತೇನೆ. ತೋಟದ ಮುಂದೆ "ಮೀನು, ಮೀನು" ಎಂದಷ್ಟೇ ಕೂಗುತ್ತೇನೆ. ಐಕಂದೆ ಬರುತ್ತಾಳೆ, "ಚೆನ್ನಾಗಿದ್ದೀರಾ ಅಕ್ಕ?" ಎನ್ನುತ್ತಾಳೆ, ನಾನು ಚೆನ್ನಾಗಿದ್ದೇನೆ ಎನ್ನುತ್ತೇನೆ. ಕೊಳ್ಳುವ ಮೊದಲು ಒಂದೊಂದೇ ಮೀನು ಎತ್ತಿ ಮೂಸಿ ನೋಡುತ್ತಾಳೆ. ಕೆಟ್ಟಿದೆ ಎಂದು ಒಂದು ಸಲವಾದರೂ ಬೈಯುತ್ತಾಳೇನೋ ಎಂದು ಕಾಯುತ್ತೇನೆ, ಅವಳು ಬೈಯುವುದಿಲ್ಲ.